ಹಣ್ಣುನೊಣದ ಹತೋಟಿಯಲ್ಲಿ ಕ್ಯೂ-ಲೂರ್ ಕೀಟೋನ್: ಗುಣಗಳು ಮತ್ತು ಉಪಯೋಗಗಳು

(ತರಕಾರಿ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಪಾಠ)



ಹಾಗಲದ ಚಪ್ಪರಕ್ಕೆ ತೂಗುಹಾಕಿದ ಬಲೆಯ ಡಬ್ಬಿಯನ್ನು ವಾರಕ್ಕೊಮ್ಮೆ ಬಿಚ್ಚಿ ನೋಡಿದರೆ ಅದರ ತಳದಲ್ಲಿ ನೂರಾರು ನೊಣಗಳು ಸತ್ತು ಬಿದ್ದಿರುವುದುಂಟು. ಅದನ್ನು ಕಂಡ ಬೆಳೆಗಾರನಿಗೆ ಸಮಾಧಾನವಾಗುತ್ತದೆ. ಆದರೆ ಅದೇ ಚಪ್ಪರದ ಕೆಳಗೆ ಬಗ್ಗಿ ನೋಡಿದಾಗ ಹಳದಿಗೆ ತಿರುಗಿದ, ಸೊಟ್ಟಗಾದ, ಕೊಳೆತ ಕಾಯಿಗಳೂ ಕಣ್ಣಿಗೆ ಬೀಳುತ್ತವೆ. ಇಷ್ಟೊಂದು ನೊಣ ಸತ್ತ ಮೇಲೂ ಕಾಯಿ ಏಕೆ ಕೆಟ್ಟಿತು? ಬಲೆಯೇ ಮೋಸ ಎನ್ನುವವರು ಕೆಲವರು, ಇನ್ನೂ ಹತ್ತು ಬಲೆ ಕಟ್ಟಬೇಕಿತ್ತು ಎನ್ನುವವರು ಕೆಲವರು. ಈ ಎರಡು ಮಾತುಗಳೂ ಪೂರ್ತಿ ಸರಿಯಲ್ಲ. ಸರಿಯಾದ ಉತ್ತರ ಬಲೆಯೊಳಗೆ ಇಟ್ಟಿರುವ ವಾಸನೆಯ ವಸ್ತುವಿನ ಗುಣದಲ್ಲಿಯೇ ಇದೆ. ಆ ವಸ್ತುವಿನ ಹೆಸರು ಕ್ಯೂ-ಲೂರ್. ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿದು ಬಳಸಿದವರಿಗೆ ಮಾತ್ರ ಅದರಿಂದ ಪೂರ್ಣ ಪ್ರಯೋಜನ ದೊರೆಯುತ್ತದೆ.

ಕೀಟದ ಪರಿಚಯ

ಹಾಗಲ, ಹೀರೆ, ಪಡವಲ, ಸೋರೆ, ಸೌತೆ, ಕುಂಬಳ, ಕರಬೂಜ ಮೊದಲಾದ ಬಳ್ಳಿ ಜಾತಿಯ ಬೆಳೆಗಳಿಗೆ ಹಾವಳಿ ಮಾಡುವ ಹಣ್ಣುನೊಣದ ಹೆಸರು ಬ್ಯಾಕ್ಟ್ರೋಸೆರಾ ಕುಕುರ್ಬಿಟೇ. ಇತ್ತೀಚಿನ ವರ್ಷಗಳಲ್ಲಿ ಇದನ್ನು ಝ್ಯೂಗೋಡಾಕಸ್ ಕುಕುರ್ಬಿಟೇ ಎಂದು ಕರೆಯಲಾಗುತ್ತಿದೆ. ಹೆಣ್ಣು ನೊಣವು ತನ್ನ ಸೂಜಿಯಂಥ ಅಂಗದಿಂದ ಎಳೆಯ ಹೀಚುಗಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಗಳನ್ನಿಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟು ಒಸರುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದು ಕಾಲಿಲ್ಲದ ಬಿಳಿಯ ಮರಿಹುಳುಗಳು ಹೊರಬಂದು ತಿರುಳನ್ನು ತಿನ್ನುತ್ತವೆ. ಬಲಿತ ಮರಿಹುಳು ಕಾಯಿಯಿಂದ ಹೊರಬಿದ್ದು ಮಣ್ಣಿನೊಳಗೆ ಕೆಲವು ಅಂಗುಲ ಆಳದಲ್ಲಿ ಕೋಶಾವಸ್ಥೆಗೆ ಹೋಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹೊಸ ನೊಣ ಬರುವವರೆಗೆ ಮೂರು ವಾರಗಳ ಆಸುಪಾಸು ಸಾಕು. ಅಂದರೆ ಒಂದೇ ಬೆಳೆಯ ಅವಧಿಯಲ್ಲಿ ಹಲವು ಪೀಳಿಗೆಗಳು ಹುಟ್ಟುತ್ತವೆ.

ಮರಿಹುಳು ಕಾಯಿಯ ಒಳಗೆ, ಕೋಶ ಮಣ್ಣಿನ ಒಳಗೆ. ಎರಡಕ್ಕೂ ಸಿಂಪಡಿಸಿದ ಔಷಧಿ ತಾಗುವುದಿಲ್ಲ. ಮೇಲಾಗಿ ಹಾಗಲ, ಹೀರೆಗಳನ್ನು ಎರಡು ಮೂರು ದಿನಗಳಿಗೊಮ್ಮೆ ಬಿಡಿಸಿ ಮಾರುಕಟ್ಟೆಗೆ ಒಯ್ಯುವುದರಿಂದ, ಪದೇ ಪದೇ ಔಷಧಿ ಸಿಂಪಡಿಸಿದರೆ ಅದು ಉಣ್ಣುವವರ ತಟ್ಟೆಗೇ ಹೋಗುತ್ತದೆ. ಆದ್ದರಿಂದಲೇ ಬೆಳೆಯ ಮೇಲೆ ಬೀಳದೆ ನೊಣವನ್ನೇ ತನ್ನ ಬಳಿಗೆ ಕರೆಯುವ ವಸ್ತುವಿಗೆ ಇಷ್ಟು ಮಹತ್ವ ಬಂದಿದೆ.

ಕೀಟೋನ್ ಎಂದರೇನು?

ಇಂಗಾಲದ ಒಂದು ಪರಮಾಣುವಿಗೆ ಆಮ್ಲಜನಕದ ಒಂದು ಪರಮಾಣು ದ್ವಿಬಂಧದಿಂದ ಸೇರಿಕೊಂಡು, ಆ ಇಂಗಾಲದ ಎರಡು ಪಕ್ಕಗಳಲ್ಲೂ ಇಂಗಾಲದ ಪರಮಾಣುಗಳೇ ಇದ್ದರೆ ಅಂಥ ಸಂಯುಕ್ತವನ್ನು ಕೀಟೋನ್ ಎನ್ನುತ್ತಾರೆ. ಉಗುರುಬಣ್ಣ ಅಳಿಸಲು ಬಳಸುವ ಅಸಿಟೋನ್ ಎಲ್ಲಕ್ಕಿಂತ ಸರಳವಾದ ಕೀಟೋನ್. ಆರು ಇಂಗಾಲಗಳ ಬೆಂಜೀನ್ ಉಂಗುರವುಳ್ಳ ಸಂಯುಕ್ತಗಳಿಗೆ ಆರೊಮ್ಯಾಟಿಕ್ ಸಂಯುಕ್ತಗಳೆಂದು ಹೆಸರು. ಮೊದಮೊದಲು ಸುವಾಸನೆಯ ಕಾರಣದಿಂದ ಈ ಹೆಸರು ಬಂದರೂ, ಈಗ ಅದು ಉಂಗುರದ ರಚನೆಯನ್ನು ಸೂಚಿಸುತ್ತದೆ. ಉಂಗುರ ಮತ್ತು ಕೀಟೋನ್ ಗುಂಪು ಎರಡೂ ಇರುವ ವಸ್ತುಗಳು ಅನೇಕ. ಅಸಿಟೋಫಿನೋನ್ ಮತ್ತು ಬೆಂಜೋಫಿನೋನ್‌ಗಳಲ್ಲಿ ಕೀಟೋನ್ ಗುಂಪು ನೇರವಾಗಿ ಉಂಗುರಕ್ಕೇ ಅಂಟಿಕೊಂಡಿದೆ. ಇವು ಸಾಬೂನು ಮತ್ತು ಸುಗಂಧ ದ್ರವ್ಯಗಳ ತಯಾರಿಕೆಯಲ್ಲಿ ಉಪಯೋಗವಾಗುತ್ತವೆ. ಬೆಂಜೋಫಿನೋನ್ ಅತಿನೇರಳೆ ಕಿರಣವನ್ನು ಹೀರುವುದರಿಂದ, ಆ ಕಿರಣದ ಬೆಳಕಿನಲ್ಲಿ ಒಣಗುವ ಮುದ್ರಣದ ಶಾಯಿಗಳಲ್ಲಿಯೂ ಅದನ್ನು ಬಳಸುತ್ತಾರೆ.

ಹಣ್ಣುನೊಣಕ್ಕೆ ಬೇಕಾದ ಕೀಟೋನಿನಲ್ಲಿ ಉಂಗುರಕ್ಕೂ ಕೀಟೋನ್ ಗುಂಪಿಗೂ ನಡುವೆ ಎರಡು ಇಂಗಾಲಗಳ ಕೊಂಡಿ ಇದೆ. ಅದರ ಮೂಲರೂಪ ರಾಸ್‌ಬೆರಿ ಕೀಟೋನ್. ತಂಪು ದೇಶಗಳಲ್ಲಿ ಬೆಳೆಯುವ ರಾಸ್‌ಬೆರಿ ಎಂಬ ಕೆಂಪು ಹಣ್ಣಿನ ಪರಿಮಳಕ್ಕೆ ಮುಖ್ಯ ಕಾರಣ ಇದೇ. ಇದು ಬಿಳಿಯ ಹರಳಿನ ರೂಪದಲ್ಲಿದ್ದು ಸುಮಾರು 82 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಒಂದು ಕಿಲೋ ಹಣ್ಣಿನಲ್ಲಿ ಇದು 1ರಿಂದ 4 ಮಿಲಿಗ್ರಾಂ ಮಾತ್ರ ಇರುತ್ತದೆ. ಆ ಲೆಕ್ಕದಲ್ಲಿ ಒಂದು ಗ್ರಾಂ ಕೀಟೋನಿಗೆ ಕಡಿಮೆಯೆಂದರೂ 250 ಕಿಲೋ ಹಣ್ಣು ಬೇಕು. ಆದ್ದರಿಂದ ಮಾರುಕಟ್ಟೆಯಲ್ಲಿರುವ ರಾಸ್‌ಬೆರಿ ಕೀಟೋನಿನ ಬಹುಪಾಲನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಹೈಡ್ರಾಕ್ಸಿ ಬೆಂಜಾಲ್ಡಿಹೈಡ್ ಎಂಬ ವಸ್ತುವನ್ನು ಕ್ಷಾರದ ಸಮ್ಮುಖದಲ್ಲಿ ಅಸಿಟೋನಿನೊಂದಿಗೆ ಸೇರಿಸಿ, ಆಮೇಲೆ ಜಲಜನಕವನ್ನು ಕೂಡಿಸುವುದು ಇದರ ಒಂದು ವಿಧಾನ.

ಇದೇ ಕುಟುಂಬದ ಇನ್ನೊಂದು ವಸ್ತು ನಮ್ಮ ಅಡುಗೆಮನೆಯಲ್ಲೇ ಇದೆ. ಶುಂಠಿಯನ್ನು ಬೇಯಿಸಿದಾಗ ಅದರ ಖಾರದ ಅಂಶವಾದ ಜಿಂಜೆರಾಲಿನ ಒಂದು ಭಾಗ ಜಿಂಜೆರೋನ್ ಆಗಿ ಬದಲಾಗುತ್ತದೆ. ಬೇಯಿಸಿದ ಶುಂಠಿಯ ಖಾರ ಹಸಿಶುಂಠಿಗಿಂತ ಮೃದುವಾಗಿರಲು ಇದು ಒಂದು ಕಾರಣ. ರಾಸ್‌ಬೆರಿ ಕೀಟೋನಿನ ಉಂಗುರಕ್ಕೆ ಮೀಥಾಕ್ಸಿ ಎಂಬ ಒಂದು ಚಿಕ್ಕ ಗುಂಪು ಹೆಚ್ಚಾಗಿ ಸೇರಿದರೆ ಅದೇ ಜಿಂಜೆರೋನ್. ಈ ಸಣ್ಣ ವ್ಯತ್ಯಾಸವೂ ನೊಣಕ್ಕೆ ತಿಳಿಯುತ್ತದೆ. ಜಿಂಜೆರೋನಿಗೂ ಕೆಲವು ಹಣ್ಣುನೊಣಗಳು ಬರುತ್ತವೆ, ಆದರೆ ಅದರ ಸೆಳೆತ ದುರ್ಬಲವಾದದ್ದು. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಬಲ್ಬೋಫಿಲಮ್ ಜಾತಿಯ ಕೆಲವು ಆರ್ಕಿಡ್ ಹೂಗಳು ಈ ಕೀಟೋನುಗಳನ್ನೇ ಸೂಸಿ ಗಂಡು ಹಣ್ಣುನೊಣಗಳನ್ನು ಕರೆದು ಅವುಗಳಿಂದ ಪರಾಗಸ್ಪರ್ಶ ಮಾಡಿಸಿಕೊಳ್ಳುತ್ತವೆ. ಇಂದು ಬಲೆಯಲ್ಲಿ ಮಾಡುತ್ತಿರುವುದನ್ನು ಆ ಹೂಗಳು ಮೊದಲಿನಿಂದಲೂ ಮಾಡುತ್ತಾ ಬಂದಿವೆ.

ಕ್ಯೂ-ಲೂರ್ ಬಂದ ಬಗೆ

ವಾಸನೆಯಿಂದ ಗಂಡು ಹಣ್ಣುನೊಣವನ್ನು ಸೆಳೆಯಬಹುದೆಂಬ ತಿಳಿವಳಿಕೆ ಮೊದಲು ಮೂಡಿದ್ದು ಭಾರತದ ನೆಲದಲ್ಲಿ. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯ ಕೀಟತಜ್ಞ ಹೌಲೆಟ್ ಅವರು, ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತಿಕೊಳ್ಳುವುದನ್ನು 1912ರಲ್ಲಿ ವರದಿ ಮಾಡಿದರು. 1915ರಲ್ಲಿ ಅದಕ್ಕೆ ಕಾರಣವಾದ ವಸ್ತು ಮಿಥೈಲ್ ಯುಜಿನಾಲ್ ಎಂದು ತಿಳಿಸಿದರು. ಆದರೆ ಮಿಥೈಲ್ ಯುಜಿನಾಲ್ ಮಾವು, ಸೀಬೆಯಂಥ ಹಣ್ಣುಗಳ ನೊಣಕ್ಕೆ ಒಗ್ಗುವ ವಸ್ತು. ಬಳ್ಳಿ ತರಕಾರಿಯ ನೊಣ ಅದಕ್ಕೆ ಬರುವುದಿಲ್ಲ.

ಬಳ್ಳಿ ತರಕಾರಿಯ ನೊಣವು ಏಷ್ಯಾದಿಂದ ಹವಾಯಿ ದ್ವೀಪಗಳನ್ನು 1895ರ ಸುಮಾರಿಗೆ ಸೇರಿ ಅಲ್ಲಿ ದೊಡ್ಡ ಪೀಡೆಯಾಯಿತು. ಅದಕ್ಕೆ ತಕ್ಕ ಆಕರ್ಷಕವನ್ನು ಹುಡುಕುತ್ತಾ ಅಮೆರಿಕದ ವಿಜ್ಞಾನಿಗಳು ಅನೇಕ ರಾಸಾಯನಿಕಗಳನ್ನು ಪರೀಕ್ಷಿಸಿದರು. 1957ರಲ್ಲಿ ಅನಿಸೈಲ್ ಅಸಿಟೋನ್ ಎಂಬ ಕೀಟೋನ್ ಫಲ ಕೊಟ್ಟಿತು. ಅದರ ಬೆನ್ನುಹತ್ತಿ ಹೋದಾಗ 1960ರಲ್ಲಿ ಬೆರೋಜಾ ಮತ್ತು ಸಂಗಡಿಗರು ಇನ್ನೂ ಪ್ರಬಲವಾದ ಆಕರ್ಷಕಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಬಳಕೆಗೆ ನಿಂತದ್ದು ಕ್ಯೂ-ಲೂರ್. ಇದು ರಾಸ್‌ಬೆರಿ ಕೀಟೋನಿಗೆ ಅಸಿಟೈಲ್ ಗುಂಪನ್ನು ಸೇರಿಸಿ ಮಾಡಿದ ದ್ರವ.

ಗುಣಗಳು

ಕ್ಯೂ-ಲೂರಿನ ಗುಣಗಳಲ್ಲಿ ಬೆಳೆಗಾರನು ನಾಲ್ಕನ್ನು ನೆನಪಿಡಬೇಕು.

ಮೊದಲನೆಯದು, ಅದು ನೀರಿನಲ್ಲಿ ಬೆರೆಯುವುದಿಲ್ಲ. ಆಲ್ಕೋಹಾಲಿನಂಥ ದ್ರಾವಕಗಳಲ್ಲಿ ಬೆರೆಯುತ್ತದೆ. ಆದ್ದರಿಂದ ಅದನ್ನು ನೀರಿಗೆ ಹಾಕಿ ಸಿಂಪಡಿಸುವ ಯೋಚನೆ ಮಾಡಬಾರದು. ಮರದ ತುಂಡು ಅಥವಾ ಹತ್ತಿಗೆ ಉಣಿಸಿಯೇ ಬಳಸಬೇಕು.

ಎರಡನೆಯದು, ಅದು ರಾಸ್‌ಬೆರಿ ಕೀಟೋನಿಗಿಂತ ಬೇಗ ಆವಿಯಾಗುತ್ತದೆ. ಹರಳಾಗಿ ಕೂರುವ ರಾಸ್‌ಬೆರಿ ಕೀಟೋನಿನ ವಾಸನೆ ಗಾಳಿಯಲ್ಲಿ ದೂರ ಹೋಗುವುದಿಲ್ಲ. ಅಸಿಟೈಲ್ ಗುಂಪು ಸೇರಿದ ಮೇಲೆ ಆವಿ ಹೆಚ್ಚಾಗಿ, ದೂರದ ನೊಣಕ್ಕೂ ಸುದ್ದಿ ಮುಟ್ಟುತ್ತದೆ. ಹಾಗೆಂದು ಅದು ಒಂದೇ ವಾರದಲ್ಲಿ ಮುಗಿದೂ ಹೋಗುವುದಿಲ್ಲ. ಮರದ ತುಂಡಿಗೆ ಉಣಿಸಿದ ಕ್ಯೂ-ಲೂರ್ ಆರರಿಂದ ಎಂಟು ವಾರ ಕೆಲಸ ಮಾಡುತ್ತದೆ.

ಮೂರನೆಯದು, ತೇವ ತಾಗಿದರೆ ಅದು ನಿಧಾನವಾಗಿ ಒಡೆದು ರಾಸ್‌ಬೆರಿ ಕೀಟೋನ್ ಮತ್ತು ಅಸಿಟಿಕ್ ಆಮ್ಲವಾಗುತ್ತದೆ. ಆದ್ದರಿಂದ ಬಲೆಯೊಳಗೆ ಮಳೆನೀರು ಹೋಗದಂತೆ ನೋಡಿಕೊಳ್ಳಬೇಕು. ಉಳಿದ ತುಂಡುಗಳನ್ನು ಭದ್ರವಾಗಿ ಮುಚ್ಚಿ ನೆರಳಿನಲ್ಲಿಡಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಕ್ಯೂ-ಲೂರಿಗೆ ಬರುವುದು ಗಂಡು ನೊಣ ಮಾತ್ರ. ಅದರಲ್ಲಿಯೂ ಪ್ರಾಯಕ್ಕೆ ಬಂದ ಗಂಡು. ಗಂಡು ಈ ವಸ್ತುವನ್ನು ನೆಕ್ಕಿ, ದೇಹದೊಳಗೆ ರಾಸ್‌ಬೆರಿ ಕೀಟೋನಾಗಿ ಮಾಡಿ, ಗುದದ ಬಳಿಯ ಗ್ರಂಥಿಯಲ್ಲಿ ಕೂಡಿಟ್ಟುಕೊಂಡು, ಸಂಜೆ ಹೆಣ್ಣನ್ನು ಕರೆಯುವಾಗ ಹೊರಸೂಸುತ್ತದೆ ಎಂದು ಕಂಡುಬಂದಿದೆ. ಕಾಯಿಯನ್ನು ಚುಚ್ಚುವ ಹೆಣ್ಣು ಈ ಬಲೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಬಲೆ ತುಂಬಿದರೂ ಕಾಯಿ ಕೊಳೆಯುವುದೇಕೆ?

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಲೆಕ್ಕಕ್ಕಾಗಿ ಒಂದು ತೋಟದಲ್ಲಿ 100 ಗಂಡು, 100 ಹೆಣ್ಣು ನೊಣಗಳಿವೆ ಎಂದಿಟ್ಟುಕೊಳ್ಳಿರಿ. ಬಲೆಯಲ್ಲಿ 60 ಗಂಡುಗಳು ಸತ್ತವು. ಉಳಿದ 40 ಗಂಡುಗಳಲ್ಲಿ ಒಂದೊಂದೂ ಹಲವು ಸಲ ಕೂಡಬಲ್ಲದು. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಒಡಲಲ್ಲಿ ಉಳಿಸಿಕೊಂಡು ಬಹಳ ದಿನ ಮೊಟ್ಟೆಯಿಡಬಲ್ಲದು. ಬಲೆಗೆ ಬಿದ್ದ 60ರಲ್ಲಿಯೂ ಕೆಲವು ಅದಕ್ಕೆ ಮೊದಲೇ ಹೆಣ್ಣಿನೊಂದಿಗೆ ಕೂಡಿರುತ್ತವೆ. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಗಂಡುಗಳು ಸತ್ತರೂ ಮೊಟ್ಟೆಗಳ ಸಂಖ್ಯೆ ಅರ್ಧಕ್ಕೆ ಇಳಿಯುವುದಿಲ್ಲ. ಇದರ ಜೊತೆಗೆ ಪಕ್ಕದ ಹೊಲದಲ್ಲಿ ಆಗಲೇ ಕೂಡಿದ ಹೆಣ್ಣುಗಳು ಬೇಲಿ ದಾಟಿ ಬರುತ್ತವೆ. ಒಬ್ಬನೇ ರೈತ ತನ್ನ ಅರ್ಧ ಎಕರೆಯಲ್ಲಿ ಮಾತ್ರ ಬಲೆ ಕಟ್ಟಿದರೆ ಫಲ ಕಡಿಮೆಯಾಗುವುದು ಈ ಕಾರಣದಿಂದ.

ಇದು ದೊಡ್ಡ ಪ್ರಮಾಣದ ಕಾರ್ಯಾಚರಣೆಗಳಲ್ಲಿಯೂ ಅನುಭವಕ್ಕೆ ಬಂದ ಮಾತು. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಮಿಥೈಲ್ ಯುಜಿನಾಲ್ ಮತ್ತು ಕೀಟನಾಶಕ ಉಣಿಸಿದ ತುಂಡುಗಳಿಂದಲೇ ಹಣ್ಣಿನ ನೊಣವನ್ನು ನಿರ್ಮೂಲ ಮಾಡಲಾಯಿತು. ಕ್ಯೂ-ಲೂರಿನ ಸೆಳೆತ ಅಷ್ಟು ಬಲವಾದದ್ದಲ್ಲ. ಜಪಾನಿನ ಒಕಿನಾವಾ ದ್ವೀಪಗಳಲ್ಲಿ ಬಳ್ಳಿ ತರಕಾರಿಯ ನೊಣವನ್ನು ಅಳಿಸಲು ಹೊರಟವರು ಮೊದಲು ಕ್ಯೂ-ಲೂರ್ ಬಳಸಿ ನೊಣದ ಸಂಖ್ಯೆಯನ್ನು ತಗ್ಗಿಸಿದರು. ಆಮೇಲೆ ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ವಾರವಾರವೂ ಕೋಟಿಗಟ್ಟಲೆ ಬಿಟ್ಟರು. 1978ರಲ್ಲಿ ಕುಮೆ ದ್ವೀಪ, 1993ರಲ್ಲಿ ಇಡೀ ಜಪಾನ್ ಈ ನೊಣದಿಂದ ಮುಕ್ತವಾಯಿತು. ಅಲ್ಲಿಯೂ ಕ್ಯೂ-ಲೂರ್ ಕೆಲಸದ ಮೊದಲ ಭಾಗವನ್ನು ಮಾತ್ರ ಮಾಡಿತು.

ಬಲೆಯ ಸರಿಯಾದ ಬಳಕೆ

ಹಾಗಾದರೆ ಬಲೆ ಬೇಡವೇ? ಖಂಡಿತ ಬೇಕು. ನೊಣ ಬಂದಿದೆಯೇ, ಹೆಚ್ಚುತ್ತಿದೆಯೇ ಎಂಬುದನ್ನು ಕಾಯಿ ಕೊಳೆಯುವ ಮೊದಲೇ ಹೇಳುವ ಸುಲಭ ಸಾಧನ ಇದು. ಕಾಲಕ್ಕೆ ಮೊದಲೇ, ಅಕ್ಕಪಕ್ಕದವರೆಲ್ಲರೂ ಸೇರಿ ಕಟ್ಟಿದರೆ ನೊಣದ ಸಂಖ್ಯೆಯೂ ತಗ್ಗುತ್ತದೆ.

ಬಳ್ಳಿಯಲ್ಲಿ ಹೂ ಕಾಣಿಸಿಕೊಳ್ಳುವ ಮೊದಲೇ ಎಕರೆಗೆ 8ರಿಂದ 10 ಬಲೆಗಳನ್ನು ಚಪ್ಪರದ ಎತ್ತರದಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ತೂಗುಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಸೇರಿದಂತೆ ಹಲವು ಸಂಸ್ಥೆಗಳು ಇಂಥ ಬಲೆಗಳನ್ನು ರೂಪಿಸಿವೆ. ಸಿದ್ಧ ಬಲೆ ಸಿಗದಿದ್ದರೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗದಲ್ಲಿ ಬೆರಳು ಹಿಡಿಸುವಷ್ಟು ಮೂರು ನಾಲ್ಕು ತೂತು ಮಾಡಿ, ಮುಚ್ಚಳದಿಂದ ತಂತಿಯಲ್ಲಿ ತುಂಡನ್ನು ಇಳಿಬಿಟ್ಟರೂ ಆಗುತ್ತದೆ. ತುಂಡಿಗೆ ಆಲ್ಕೋಹಾಲ್ 6 ಭಾಗ, ಕ್ಯೂ-ಲೂರ್ 4 ಭಾಗ, ಕೀಟನಾಶಕ 1 ಭಾಗದ ಮಿಶ್ರಣವನ್ನು ಉಣಿಸುವ ಪದ್ಧತಿ ಇದೆ. ಆದರೆ ರೈತರು ಮನೆಯಲ್ಲಿ ಈ ಮಿಶ್ರಣ ಮಾಡುವುದಕ್ಕಿಂತ ಸಿದ್ಧಪಡಿಸಿದ ತುಂಡುಗಳನ್ನು ಕೊಳ್ಳುವುದು ಕ್ಷೇಮ. ಹಿಂದೆ ಬಲೆಗಳಲ್ಲಿ ಬಳಸುತ್ತಿದ್ದ ಡೈಕ್ಲೋರ್‌ವಾಸ್ ಕೀಟನಾಶಕವನ್ನು ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ಕರಪತ್ರ ನೋಡಿ ಅದನ್ನು ಹುಡುಕಬಾರದು.

ಕೊಳ್ಳುವಾಗ ಚೀಟಿ ಓದಿರಿ. ಮಾವಿನ ನೊಣದ ಮಿಥೈಲ್ ಯುಜಿನಾಲ್ ತುಂಡನ್ನು ತಂದು ಹಾಗಲಕ್ಕೆ ಕಟ್ಟಿದರೆ ಹಣವೂ ಹೋಯಿತು, ಬೆಳೆಯೂ ಹೋಯಿತು. ಮಾವು ಮತ್ತು ತರಕಾರಿ ಎರಡೂ ಇರುವವರು ಎರಡಕ್ಕೂ ಬೇರೆ ಬೇರೆ ಬಲೆ ಇಡಬೇಕು. ತುಂಡು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಬಲೆಗಳು ಮಕ್ಕಳ ಕೈಗೆ ಎಟುಕಬಾರದು. ಬಳಸಿದ ಬಾಟಲಿಯನ್ನು ಮತ್ತೆ ನೀರು, ಎಣ್ಣೆಗೆ ಉಪಯೋಗಿಸಕೂಡದು.

ವಾರಕ್ಕೊಮ್ಮೆ ಸತ್ತ ನೊಣಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಟ್ಟರೆ ಏರಿಳಿತ ತಿಳಿಯುತ್ತದೆ. ಎಣಿಕೆ ಏರುತ್ತಿದ್ದರೆ ಅದನ್ನು ಗೆಲುವೆಂದು ತಿಳಿಯದೆ ಎಚ್ಚರಿಕೆಯೆಂದು ತಿಳಿಯಬೇಕು. ಅಷ್ಟೇ ಸಂಖ್ಯೆಯ ಹೆಣ್ಣುಗಳೂ ತೋಟದಲ್ಲಿವೆ ಎಂದು ಅದರ ಅರ್ಥ.

ಹೆಣ್ಣು ನೊಣಕ್ಕೆ ಉಪಾಯ

ಹೆಣ್ಣನ್ನು ತಡೆಯಲು ಬೇರೆ ಕ್ರಮಗಳೇ ಬೇಕು. ಅವುಗಳಲ್ಲಿ ಮೊದಲನೆಯದಕ್ಕೆ ಕಾಸು ಖರ್ಚಿಲ್ಲ. ಚುಚ್ಚಿದ, ಉದುರಿದ ಕಾಯಿಗಳನ್ನು ಎರಡು ದಿನಗಳಿಗೊಮ್ಮೆ ತಪ್ಪದೆ ಆರಿಸಿ ನಾಶಪಡಿಸಬೇಕು. ಒಂದು ಕಾಯಿಯಲ್ಲಿ 20 ಮರಿಹುಳುಗಳಿದ್ದರೆ, ತಿಪ್ಪೆಗೆ ಎಸೆದ 50 ಕಾಯಿಗಳಿಂದ 1000 ನೊಣಗಳು ಏಳಬಹುದು. ಅವುಗಳಲ್ಲಿ ಅರ್ಧ ಹೆಣ್ಣುಗಳು. ಇತ್ತ ಬಲೆ ಕಟ್ಟಿ ಅತ್ತ ತಿಪ್ಪೆಯಲ್ಲಿ ನೊಣ ಸಾಕಿದಂತಾಗುತ್ತದೆ. ಆದ್ದರಿಂದ ಆರಿಸಿದ ಕಾಯಿಗಳನ್ನು ಎರಡು ಅಡಿ ಆಳದ ಗುಂಡಿಯಲ್ಲಿ ಹಾಕಿ ಮಣ್ಣು ತುಳಿದು ಮುಚ್ಚಬೇಕು, ಇಲ್ಲವೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗೆ ಇಡಬೇಕು.

ಎರಡನೆಯದು, ಬಳ್ಳಿಯ ಬುಡದ ಮಣ್ಣನ್ನು ಆಗಾಗ ಕೆದಕಿ ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು. ಮೂರನೆಯದು, ಆಹಾರದ ಆಮಿಷ. ಹೆಣ್ಣಿಗೆ ಮೊಟ್ಟೆ ಬಲಿಯಲು ಸಸಾರಜನಕ ಬೇಕು, ಶಕ್ತಿಗೆ ಸಿಹಿ ಬೇಕು. ಲೀಟರ್ ನೀರಿಗೆ 10 ಗ್ರಾಂ ಬೆಲ್ಲ ಕರಗಿಸಿ, ಶಿಫಾರಸು ಮಾಡಿದ ಕೀಟನಾಶಕ ಬೆರೆಸಿ, ಕಾಯಿಯ ಮೇಲೆ ಬೀಳದಂತೆ ಅಲ್ಲಲ್ಲಿ ಎಲೆಗಳ ಮೇಲೆ ದಪ್ಪ ಹನಿಗಳಾಗಿ ಚಿಮುಕಿಸುವುದು ಒಂದು ವಿಧಾನ. ಈ ನೊಣಗಳು ಬಿಸಿಲಿನ ಹೊತ್ತಿನಲ್ಲಿ ಸುತ್ತಲಿನ ಮುಸುಕಿನ ಜೋಳದಂಥ ಎತ್ತರದ ಗಿಡಗಳಲ್ಲಿ ವಿಶ್ರಮಿಸುತ್ತವೆ. ಆದ್ದರಿಂದ ತೋಟದ ಅಂಚಿಗೆ ಎರಡು ಸಾಲು ಮುಸುಕಿನ ಜೋಳ ಹಾಕಿ ಆಮಿಷವನ್ನು ಅದಕ್ಕೇ ಚಿಮುಕಿಸಿದರೆ ತರಕಾರಿಯ ಮೇಲೆ ಔಷಧಿ ಬೀಳುವುದು ತಪ್ಪುತ್ತದೆ. ಯಾವ ಕೀಟನಾಶಕ, ಎಷ್ಟು ಪ್ರಮಾಣ, ಎಷ್ಟು ದಿನದ ಅಂತರ ಎಂಬುದನ್ನು ಆಯಾ ವರ್ಷದ ಶಿಫಾರಸಿನಂತೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ನಿರ್ಧರಿಸಬೇಕು. ಹಿತ್ತಲಿನ ನಾಲ್ಕಾರು ಬಳ್ಳಿಗಳಿಗಾದರೆ ಹೀಚುಗಾಯಿಗೆ ಕಾಗದದ ಚೀಲ ತೊಡಿಸಿದರೆ ಸಾಕು. ಯಾವ ಔಷಧಿಯೂ ಬೇಡ.

ಇತರ ಉಪಯೋಗಗಳು

ರಾಸ್‌ಬೆರಿ ಕೀಟೋನನ್ನು ಐಸ್‌ಕ್ರೀಮ್, ಪಾನೀಯ, ಮಿಠಾಯಿಗಳಿಗೆ ಪರಿಮಳ ಕೊಡಲು ಅತಿ ಸ್ವಲ್ಪ ಪ್ರಮಾಣದಲ್ಲಿ ಬಳಸುತ್ತಾರೆ. ಸುಗಂಧ ದ್ರವ್ಯ ಮತ್ತು ಸಾಬೂನುಗಳಲ್ಲಿಯೂ ಇದರ ಬಳಕೆ ಇದೆ. ಇತ್ತೀಚೆಗೆ ಇದನ್ನು ಮೈತೂಕ ಇಳಿಸುವ ಮಾತ್ರೆಯೆಂದು ಮಾರುವುದೂ ಕಂಡುಬರುತ್ತದೆ. ಮನುಷ್ಯರಲ್ಲಿ ಹಾಗೆ ತೂಕ ಇಳಿಯುತ್ತದೆಂಬುದಕ್ಕೆ ಭರವಸೆಯ ಆಧಾರವಿಲ್ಲ. ಹಣ್ಣಿನ ಹೆಸರಿದೆ ಎಂಬ ಕಾರಣಕ್ಕೆ ಮೋಸಹೋಗಬಾರದು.

ಕೊನೆಯ ಮಾತು

ವಿಸ್ತರಣಾ ಕಾರ್ಯಕರ್ತರು ಹಳ್ಳಿಗಳಲ್ಲಿ ಬಲೆಯನ್ನು ತೋರಿಸುವಾಗ ಅದರ ಜೊತೆಗೆ ಗುಂಡಿಯನ್ನೂ ತೋಡಿಸಬೇಕು. ಬಲೆಯನ್ನು ಮಾತ್ರ ಹಂಚಿ ಬಂದರೆ ಮುಂದಿನ ಹಂಗಾಮಿಗೆ ರೈತನು ಅದನ್ನು ಮೂಲೆಗೆ ಹಾಕುತ್ತಾನೆ, ಒಳ್ಳೆಯ ವಸ್ತುವೊಂದಕ್ಕೆ ಕೆಟ್ಟ ಹೆಸರು ಬರುತ್ತದೆ. ಒಂದು ಕೇರಿಯ ತರಕಾರಿ ಬೆಳೆಗಾರರೆಲ್ಲ ಒಂದೇ ವಾರದಲ್ಲಿ ಬಲೆ ಕಟ್ಟಿ, ಎರಡು ದಿನಗಳಿಗೊಮ್ಮೆ ಕಾಯಿ ಆರಿಸಿ ಹೂಳುವ ಏರ್ಪಾಡು ಮಾಡಿಕೊಂಡರೆ ಒಬ್ಬೊಬ್ಬರ ಖರ್ಚೂ ತಗ್ಗುತ್ತದೆ, ಫಲವೂ ಹೆಚ್ಚುತ್ತದೆ. ರೈತ ಬಾಂಧವರು ಬರುವ ಹಂಗಾಮಿನಲ್ಲಿ ಹಾಗಲದ ಬೀಜ ಊರುವ ದಿನವೇ ತೋಟದ ಮೂಲೆಯಲ್ಲಿ ಗುಂಡಿಯನ್ನೂ ತೋಡಿಡಲಿ. ಬಲೆಯನ್ನು ಹೂ ಬರುವ ಮೊದಲು ಕಟ್ಟಿದರಾಯಿತು. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಸಂಪರ್ಕಿಸಬಹುದು.